ಪೊರಕೆಗೆ ಕಟ್ಟಿದ ಚೀಟಿ

ಕಾರ್ತಿಕದ ಚಳಿ, ಹೊತ್ತು ಹುಟ್ಟುವ ಸಮಯ. ನೀನು ಬಾವಿಗೆ ಹೋಗಿದ್ದೀಯ. ಮಧುಗಿರಿ ಕಚೇರಿಗೆ ಹೊರಟ ಗಾಡಿ ಬಾಗಿಲಲ್ಲಿ ನಿಂತಿದೆ.

ಅಶ್ವತ್ಥಮ್ಮ, ಮನೆ ಗುಡಿಸಬೇಡ. ನಿನ್ನೆ ಸಂಜೆ ಹಂದಿ ಕೋವಿಯ ಖಾಲಿ ತೋಟಾಗಳಿಗೆ ಹೊಸ ಕೇಪು ಕೂರಿಸುತ್ತಿದ್ದೆ. ಕೇಪು ಹತ್ತು ಇದ್ದವು, ಈಗ ನೋಡಿದರೆ ಒಂಬತ್ತೇ ಇವೆ. ಒಂದು ನಡುಮನೆಯಲ್ಲಿ ಎಲ್ಲೋ ಉರುಳಿದೆ, ನನ್ನ ಕಣ್ಣಿಗೆ ಸಿಗಲಿಲ್ಲ. ಕಡಲೆಕಾಳಿಗಿಂತ ಸಣ್ಣದು, ತಾಮ್ರದ ಬಣ್ಣ. ಒಳಗೆ ಮದ್ದಿದೆ, ತುಳಿದರೂ ಸಿಡಿದೀತು. ಕಂಡರೆ ಎತ್ತಬೇಡ, ಸುತ್ತ ಬೂದಿಯ ಗೆರೆ ಹಾಕಿಡು. ನಿನ್ನೆಯ ಕಸವನ್ನೂ ನೀರೊಲೆಗೆ ಸುರಿಯಬೇಡ. ನಿನ್ನ ಗಂಡ ಒಂದು ದಿನ ತಣ್ಣೀರಲ್ಲೇ ಮುಖ ತೊಳೆಯಲಿ. ಸಂಜೆ ಬಂದು ನಾನೇ ಹುಡುಕುತ್ತೇನೆ.

ಮಾವನಿಗೆ ಅರಳುಮರಳು ಅಂದುಕೊಳ್ಳಬೇಡ ಕಣಮ್ಮ. ನಿಮ್ಮತ್ತೆಯ ಕಣ್ಣು ಸೌದೆ ಸಿಡಿದು ಹೋಯಿತೆಂದು ಊರೆಲ್ಲ ನಂಬಿದೆ. ಸೌದೆಯಲ್ಲ. “ನಿನ್ ಕೋವಿ ಕಸಾನೂ ನಾನೇ ಗುಡಿಸ್ಬೇಕಾ?” ಅಂತ ಬೈದುಕೊಂಡೇ ಆವತ್ತು ಕಸವನ್ನು ಒಲೆಗೆ ಸುರಿದಳು. ಅದರಲ್ಲಿದ್ದದ್ದು ನಾನು ಬೀಳಿಸಿದ ಕೇಪು. ಸೌದೆ ಅಂತ ಹೇಳಿದವಳು ಅವಳೇ. ಸಾಯುವವರೆಗೂ ಆ ಮಾತು ಬದಲಿಸಲಿಲ್ಲ.

ಸೋಮವಾರ ಹೊರಟವನು, ನಿನ್ನ ಮಾವ ಮೂಡಲಗಿರಿಯಪ್ಪ.