ಅಕ್ಕ ಬರೆದ ಕೊನೆಗಳು

ಸೋಮವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಾವಿಬ್ಬರೂ ಹೇಗಿದ್ದೇವೆ ಅಂತ ಕೇಳಿದ್ದೀಯ. ಅಮ್ಮ ಮಂಚದ ಮೇಲಿದ್ದಾಳೆ, ನಾನು ಅವಳ ಸುತ್ತ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದೇನೆ. ಬೆನ್ನಿನ ಒಂದು ಹುಣ್ಣು ಆರಿತು ಅನ್ನುವಷ್ಟರಲ್ಲಿ ಇನ್ನೊಂದು ಎದ್ದಿದೆ. ಫೋನಿನಲ್ಲಿ ಇದನ್ನೆಲ್ಲ ಹೇಳೋಣವೆಂದರೆ ಅವಳು ಪಕ್ಕದಲ್ಲೇ ಕಿವಿ ನಿಮಿರಿಸಿಕೊಂಡು ಮಲಗಿರುತ್ತಾಳೆ. ಅದಕ್ಕೇ ಈ ಕಾಗದದ ಉಸಾಬರಿ.

ನನಗೆ ವಾರಕ್ಕೊಂದು ಸುಖ ಅಂತ ಇದ್ದರೆ ಅದು ಭಾನುವಾರ ಮಧ್ಯಾಹ್ನ ಟಿ.ವಿ.ಯಲ್ಲಿ ಬರುವ ಆ ನಿಧಾನದ ಸಿನಿಮಾ, ನಿನಗೆ ಗೊತ್ತಲ್ಲ. ಹೊಡೆದಾಟವಿಲ್ಲ, ಕುಣಿತವಿಲ್ಲ. ಒಬ್ಬ ಮುದುಕ ಕಿಟಕಿ ಒರೆಸುವುದನ್ನು ಪೂರ್ತಿ ತೋರಿಸುತ್ತಾರೆ. ಒರೆಸಿ ಮುಗಿಯುವ ಹೊತ್ತಿಗೆ ಅವನ ಹೆಂಡತಿ ಇನ್ನಿಲ್ಲ ಅಂತ ಯಾರೂ ಹೇಳದೆಯೇ ನಮಗೆ ತಿಳಿದಿರುತ್ತದೆ. ಇಂಥದ್ದನ್ನು ಮಾಡಿದವರ ಕೈಯನ್ನು ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸುತ್ತದೆ. ಆದರೆ ಇನ್ನೇನು ಮುಗಿಯಬೇಕು ಅನ್ನುವಾಗಲೇ ಹಿತ್ತಲ ನಲ್ಲಿಯಲ್ಲಿ ನೀರು ಬಂದುಬಿಡುತ್ತದೆ, ಹಾಳಾದ್ದು! ಆಗ ಒಗೆಯದಿದ್ದರೆ ಮರುದಿನ ಅಮ್ಮನಿಗೆ ಹಾಸಲು ಬಟ್ಟೆಯಿಲ್ಲ. ಹಾಗಾಗಿ ಕೊನೆಯನ್ನು ನೀನು ನಿನ್ನ ಮನೆಯಲ್ಲಿ ನೋಡಿ ಬರೆಯುವುದು, ನಾನು ಇಲ್ಲಿ ಓದುವುದು. ಸಿನಿಮಾದ ಭಾಗವನ್ನಷ್ಟೇ ಅಮ್ಮನಿಗೂ ಓದಿ ಹೇಳುತ್ತಿದ್ದೆ, ಅರ್ಥವಾದರೆ ಆಗಲಿ ಅಂತ.

ನಿನ್ನೆ ಎಲ್ಲೋ ಪೈಪು ಒಡೆದು ನೀರೇ ಬರಲಿಲ್ಲ. ಟಿ.ವಿ.ಯಲ್ಲಿ ಹಾಕಿದ್ದು ಒಮ್ಮೆ ಬಂದಿದ್ದ ಸಿನಿಮಾನೇ, ಆ ಕ್ಯಾಂಟೀನಿನ ಹುಡುಗಿಯದ್ದು. ಕಾಯಿಲೆಯ ಅಪ್ಪನನ್ನು ಅಣ್ಣನ ಮನೆಯಲ್ಲಿ ಬಿಟ್ಟು ದೂರದ ಕೆಲಸಕ್ಕೆಂದು ರೈಲು ಹತ್ತುತ್ತಾಳಲ್ಲ, ಅದು. ಮುಂದಿನ ಸ್ಟೇಷನ್ನಿನಲ್ಲೇ ಇಳಿದು ಅಪ್ಪನ ಹತ್ತಿರ ಓಡಿ ಬರುತ್ತಾಳೆ ಅಂತ ನೀನು ಬರೆದಿದ್ದೆ. ಎಷ್ಟು ಚೆನ್ನಾಗಿ ಬರೆದಿದ್ದೆ ಅಕ್ಕಾ! ಅಪ್ಪನ ಕಣ್ಣೀರೇನು, ಮಗಳ ಕಣ್ಣೀರೇನು. ನಿನ್ನೆ ನೋಡಿದರೆ ಅವಳು ಇಳಿಯುವುದೇ ಇಲ್ಲ. ಕಿಟಕಿ ಪಕ್ಕ ಕೂತು ಒಂದು ಲೋಟ ಕಾಫಿಯನ್ನು ಬಿಸಿಬಿಸಿಯಾಗಿ, ಯಾರೂ ನಡುವೆ ಕರೆಯದೆ, ಕೊನೆಯ ಗುಟುಕಿನವರೆಗೂ ಕುಡಿಯುತ್ತಾಳೆ. ಅಷ್ಟೇ. ಸಂಗೀತವೂ ಇಲ್ಲ. ನಾನು ಬಿಕ್ಕಿ ಬಿಕ್ಕಿ ಅತ್ತೆ.

ಆ ಕಾಗದವನ್ನು ಯಾವಾಗ ಬರೆದೆ ಅಂತ ನೆನಪಿದೆಯಾ? ನಾನು ಮೊದಲು ಕೆಲಸಕ್ಕಿದ್ದ ಗಾರ್ಮೆಂಟ್ಸಿನವರು ಬೇರೆ ಊರಿನ ಫ್ಯಾಕ್ಟರಿಗೆ ಕಟಿಂಗ್ ಸೂಪರ್‌ವೈಸರ್ ಆಗಿ ಬಾ ಅಂತ ನನ್ನನ್ನು ಮೊದಲ ಸಲ ಕರೆದಾಗ. ಅಮ್ಮನನ್ನು ನೀನು ಇಟ್ಟುಕೊಳ್ಳುತ್ತೀಯಾ ಅಂತ ಕೇಳಿದ್ದೆ. ಅದಕ್ಕೆ ಹೌದು ಅಲ್ಲ ಏನೂ ಬರೆಯದೆ, ಸಿನಿಮಾದ ಕೊನೆಯನ್ನು ಬರೆದು ಕಳಿಸಿದೆ. ನಾನೂ ಪೆದ್ದಿ, ಆ ಹುಡುಗಿಯೇ ವಾಪಸು ಬಂದಳಂತೆ ಅಂದುಕೊಂಡು ಕೆಲಸ ಬೇಡವೆಂದೆ. ನಿನ್ನ ಹಳೆಯ ಕಾಗದಗಳನ್ನೆಲ್ಲ ನೆನಪಿಸಿಕೊಂಡೆ. ಮನೆ ಬಿಟ್ಟ ಹೆಂಗಸರು ಅಷ್ಟೂ ಜನ ಹಿಂದಿರುಗಿದ್ದಾರೆ, ಒಬ್ಬಳೂ ತಪ್ಪಿಸಿಕೊಂಡಿಲ್ಲ!

ಜಗಳವಾಡಲು ನನಗೆ ತ್ರಾಣವಿಲ್ಲ. ನಿನ್ನ ಮನೆ ಚಿಕ್ಕದು, ಭಾವನವರಿಗೆ ಮೂಗಿನ ತುದಿಯಲ್ಲೇ ಕೋಪ, ಎಲ್ಲ ಗೊತ್ತು. ಆದರೆ ಗಾರ್ಮೆಂಟ್ಸಿನವರು ಇನ್ನೊಮ್ಮೆ ಕರೆದಿದ್ದಾರೆ, ಇನ್ನು ಮೇಲೆ ಕರೆಯುವುದಿಲ್ಲ. ಇವತ್ತು ಬೆಳಿಗ್ಗೆ ಹೋಗಿ ಒಪ್ಪಿಕೊಂಡು ಬಂದೆ. ಶನಿವಾರ ವ್ಯಾನು ಮಾಡಿಕೊಂಡು ಬಂದು ಅಮ್ಮನನ್ನು ಕರೆದುಕೊಂಡು ಹೋಗು. ಮಗ್ಗುಲು ಬದಲಿಸುವುದು ಹೇಗೆ ಅಂತ ತೋರಿಸಿಕೊಡುತ್ತೇನೆ, ಕಷ್ಟವೇನಿಲ್ಲ, ನಡು ನೋಯುತ್ತದೆ ಅಷ್ಟೇ. ನನಗೆ ಸಾಕಾಗಿದೆ ಅಕ್ಕಾ. ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗದಷ್ಟು ಸಾಕಾಗಿದೆ.

ನಿನ್ನ
ಪುಟ್ಟಿ

ಇನ್ನೊಂದು ಮಾತು: ನಾನು ಹಿತ್ತಲಲ್ಲಿ ಒಗೆಯುವಾಗ ಟಿ.ವಿ. ಆರಿಸುತ್ತಿರಲಿಲ್ಲ. ಅಮ್ಮ ಪ್ರತಿ ವಾರವೂ ನಿಜವಾದ ಕೊನೆಯನ್ನು ನೋಡಿದ್ದಾಳೆ. ನೀನು ಬರೆದದ್ದನ್ನು ನಾನು ಓದುವಾಗ ಹೌದೌದು ಅಂತ ತಲೆಯನ್ನೂ ಆಡಿಸಿದ್ದಾಳೆ. ಯಾಕಮ್ಮಾ ಹೀಗೆ ಮಾಡಿದೆ ಅಂತ ನಿನ್ನೆ ಕೇಳಿದೆ. ನೀನೂ ಹೋಗಿಬಿಟ್ಟರೆ ಅಂತ ಭಯವಾಯಿತು ಅಂತ ತೊದಲಿದಳು. ತಬ್ಬಿಕೊಂಡು ಇಬ್ಬರೂ ಅತ್ತೆವು. ಆದರೂ ನಾನು ಹೋಗುತ್ತಿದ್ದೇನೆ. ಶನಿವಾರ ಅಕ್ಕ ಬರುತ್ತಾಳಾ ಅಂತ ಅವಳು ಬೆಳಿಗ್ಗೆಯಿಂದ ಕೇಳುತ್ತಲೇ ಇದ್ದಾಳೆ. ಬಂದೇ ಬರುತ್ತಾಳೆ ಅಂದಿದ್ದೇನೆ. ಇದೊಂದನ್ನಾದರೂ ಸುಳ್ಳು ಮಾಡಬೇಡ.