ಹನ್ನೊಂದು ತಿಂಗಳ ಹೊಲ

ಕಿಲ್‌ಬ್ರೀನ್, ರಾಸ್ಕಾಮನ್
9 ಫೆಬ್ರವರಿ 1974

ಮಗಾ ಫಿಂಟನ್,

ಕ್ರಿಸ್ಮಸ್‌ಗೆ ಒಂದು ಕಾರ್ಡು ಕಳಿಸಿ, ಅದರಲ್ಲಿ ಹೆಸರಷ್ಟೇ ಗೀಚಿಬಿಟ್ಟರೆ ಅಜ್ಜಿಗೆ ಕಾಗದ ಬರೆದಂತಾಯಿತೇ? ಲೀಡ್ಸಿನಲ್ಲಿ ಬಸ್ಸು ಓಡಿಸಿ ಓಡಿಸಿ ಬೆರಳು ಸವೆದುಹೋದವೇ? ಕೆಮ್ಮು ಹೇಗಿದೆ? ಒಳಗೆ ಉಣ್ಣೆಯ ಅಂಗಿ ಹಾಕಿಕೋ. ಚಂದ ಕಾಣದಿದ್ದರೂ ಪರವಾಗಿಲ್ಲ, ನಿನ್ನನ್ನು ನೋಡುವವರು ಬಸ್ಸಿನ ಜನ ತಾನೇ. ನಾನು ಚೆನ್ನಾಗಿದ್ದೇನೆ.

ಕೆರೆ ಪಕ್ಕದ ಹೊಲದ ವಿಷಯ ಬರೆಯಬೇಕು. ನಾಚಿಕೆಯಿಂದ ಈ ಹಾಳೆ ಮೂರು ದಿನ ಮೇಜಿನ ಮೇಲೆ ಖಾಲಿ ಬಿದ್ದಿತ್ತು. ನಿನ್ನ ಅಪ್ಪ ಹೋದ ಮೇಲೆ ಹೊಲ ನಿನ್ನ ಹೆಸರಿಗೆ ಬಂತು, ಗೇಣಿಗೆ ಕೊಡುವ ಕೆಲಸ ನನ್ನ ಪಾಲಿಗೆ. ಹನ್ನೊಂದು ತಿಂಗಳಿಗಿಂತ ಹೆಚ್ಚು ಯಾರಿಗೂ ಕೊಡಬೇಡ, ವರ್ಷ ತುಂಬಿದರೆ ಉಳುವವನು ಹಕ್ಕು ಕೇಳುತ್ತಾನೆ ಎಂದು ನಿನ್ನ ತಾತ ಸಾಯುವತನಕ ಹೇಳುತ್ತಿದ್ದ. ಹಾಗೇ ಕೊಟ್ಟೆ. ಬಂದವರೆಲ್ಲ ಸಿಕ್ಕಿದ್ದು ಬಾಚಿಕೊಂಡು ಹೋದರು, ಒಬ್ಬನೂ ಒಂದು ಬುಟ್ಟಿ ಗೊಬ್ಬರ ಹಾಕಲಿಲ್ಲ. ಸೋಮಾರಿಗಳು ಎಂದು ಊರೆಲ್ಲ ಬಯ್ದುಕೊಂಡು ತಿರುಗಿದೆ.

ಆಮೇಲೆ ಬೇಲಿಯಾಚೆಯ ಮನೆಯ ಮಲಕಿ ಗಾರ್ಮ್ಲಿ ಬಂದ. "ಐದು ವರ್ಷ ಬಿಡ್ತೀರಾ ಅಮ್ಮಾವ್ರೆ? ಬಿಟ್ರೆ ಬಸಿಗಾಲುವೆ ತೋಡ್ತೀನಿ, ಮಣ್ಣಿನ ಹುಳಿ ಹೋಗೋಕೆ ಸುಣ್ಣ ಹಾಕ್ತೀನಿ. ಹನ್ನೊಂದೇ ತಿಂಗಳು ಅಂದ್ರೆ ನಾನು ಹಾಕಿದ ಸುಣ್ಣದ ಬೆಳೆ ಇನ್ಯಾರೋ ಕುಯ್ಕೋತಾರೆ" ಎಂದ. ಹೂಂ ಎಂದೆ, ಬಾಯಿಮಾತಿನಲ್ಲೇ, ಕಾಗದ ಬರೆಯದೆ. ಅವನೂ ಹೆಂಡತಿಯೂ ಕೆಸರಿನಲ್ಲಿ ನಿಂತು ವಾರಗಟ್ಟಲೆ ಅಗೆದರು. ಎರಡನೆಯ ವರ್ಷ ಓಟ್ಸ್ ನನ್ನ ಸೊಂಟದೆತ್ತರ ಬಂತು. ಆ ಹೊಲದಲ್ಲಿ ಜೊಂಡು ಬಿಟ್ಟರೆ ಬೇರೇನೂ ನಾನು ಕಂಡವಳಲ್ಲ. ಖುಷಿಪಡುವುದು ಬಿಟ್ಟು ಹೆದರಿದೆ. ಇಷ್ಟು ಮಾಡಿದವನು ಎದ್ದು ಹೋಗುತ್ತಾನೆಯೇ ಎಂದು. ಹೋದ ಫೆಬ್ರವರಿಯಲ್ಲಿ ಅವನನ್ನು ಬಿಡಿಸಿ, ದನದ ವ್ಯಾಪಾರಿಯೊಬ್ಬನಿಗೆ ಹನ್ನೊಂದು ತಿಂಗಳಿಗೆ ಕೊಟ್ಟೆ.

ಅವನ ದನಗಳು ಮಣ್ಣು ಕಾಣುವತನಕ ಮೇಯ್ದವು, ಕಾಲುವೆಗಳನ್ನು ತುಳಿದು ಮುಚ್ಚಿದವು. ಈಗ ನೀರು ನಿಂತಿದೆ, ಜೊಂಡು ಎದ್ದಿದೆ. ಕಳೆದ ಭಾನುವಾರ ಚರ್ಚಿನ ಬಾಗಿಲಲ್ಲಿ ಮಲಕಿ ಟೋಪಿ ತೆಗೆದು, "ಮಂಡಿನೋವು ಹೇಗಿದೆ ಅಮ್ಮಾವ್ರೆ?" ಎಂದ. ಬಯ್ದಿದ್ದರೆ ನಾನೂ ನಾಲ್ಕು ಮಾತು ಅನ್ನುತ್ತಿದ್ದೆ. ಅವನು ಬಯ್ಯಲಿಲ್ಲ.

ಇದರ ಜೊತೆ ವಕೀಲರಿಂದ ಬರೆಸಿದ ಕರಾರು ಇಟ್ಟಿದ್ದೇನೆ. ಮಲಕಿಗೆ, ಹತ್ತು ವರ್ಷಕ್ಕೆ. ನಿನ್ನ ರುಜು ಬೇಕು. ಹೊತ್ತಿಗೆ ಸರಿಯಾಗಿ ಉಣ್ಣು, ದೇವರು ನಿನ್ನನ್ನು ಬೆಚ್ಚಗಿಡಲಿ.

ನಿನ್ನ ಅಜ್ಜಿ,
ಹನೋರಾ

ಅಂಚೆಯವನು ಬಾಗಿಲಲ್ಲಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಮಲಕಿಯನ್ನು ಬಿಡಿಸುವಾಗ "ನನ್ನದೇನಿದೆಯಪ್ಪಾ, ಮೊಮ್ಮಗ ಕಾಗದ ಹಾಕಿದಾನೆ, ಬಿಡಿಸು ಅಂತ" ಎಂದಿದ್ದೆ. ಮಾತು ಮುರಿದವಳು ನಾನು, ಹೆಸರು ಕೆಟ್ಟಿದ್ದು ನಿನ್ನದು. ಅವನಿಗೆ ನಾನೇ ಹೋಗಿ ಹೇಳುತ್ತೇನೆ, ನೀನು ಬರೆಯಬೇಡ. ನನಗೆ ಮಾತ್ರ ಬರೆ, ಬಯ್ದಾದರೂ ಸರಿ. ಮಾರ್ಚ್ ಹುಟ್ಟಿದರೆ ಬಿತ್ತನೆ, ಅದಕ್ಕೆ ಮೊದಲು ಉತ್ತರ ಬರಬೇಕು.