ರವಿಯ ಪರದೆ

ನವೆಂಬರ್ 4, ಮಂಗಳವಾರ. ಬೆಳಗ್ಗೆ 7.40, ಬಸ್ಸಿನಲ್ಲಿ

ಕಿಟಕಿ ಸೀಟು ಸಿಕ್ಕಿತು. ನಂಜನಗೂಡಿನ ನನ್ನ ಪ್ರಿಂಟಿಂಗ್ ಅಂಗಡಿ ತಲುಪುವಷ್ಟರಲ್ಲಿ ಎರಡು ಮದುವೆ ಕಾರ್ಡಿನ ಪ್ರೂಫ್ ನೋಡಬೇಕು. ಒಂದನ್ನೂ ತೆರೆದಿಲ್ಲ. ಲ್ಯಾಪ್‌ಟಾಪಿನಲ್ಲಿ ನನ್ನ ಗಂಡ ರವಿಗಾಗಿ ಮಾಡಿದ ಪರದೆಯೇ ಇದೆ. ನಡುವೆ ಒಂದೇ ಜಾಗದಲ್ಲಿ, ಒಂದರ ಮೇಲೊಂದು ಎರಡು ಪದ. ‘ಹೌದು’ ಕೆಂಪು ಪಟ್ಟೆ, ಸೆಕೆಂಡಿಗೆ ಎಂಟು ಸಲ ಮಿನುಗುತ್ತದೆ. ‘ಇಲ್ಲ’ ಹಸಿರು ಚುಕ್ಕಿ, ಹನ್ನೆರಡು ಸಲ. ಅವನು ಯಾವುದರ ಮೇಲೆ ಮನಸ್ಸಿಡುತ್ತಾನೋ ಅದರ ಲಯ ಮಿದುಳಿನಲ್ಲಿ ಜೋರಾಗುತ್ತದೆ. ತಲೆಗೆ ಹಾಕುವ ಕ್ಯಾಪಿನ ಎಂಟು ತಂತಿ ಅದನ್ನು ಹಿಡಿಯುತ್ತವೆ. ಕಣ್ಣು ಹೊರಳಿಸಬೇಕಿಲ್ಲ. ಹೊರಳಿಸಲು ಅವನಿಗೆ ಆಗುವುದೂ ಇಲ್ಲ. ರೆಪ್ಪೆ ಕೂಡ ಹೋದ ತಿಂಗಳು ಮಾತು ಕೇಳುವುದನ್ನು ನಿಲ್ಲಿಸಿತು.

ಮೂರು ವರ್ಷದ ಹಿಂದೆ ತಾಂಡ್ಯದ ಫ್ಯಾಕ್ಟರಿಯಲ್ಲಿ ಅವನ ಕೈಯಿಂದ ಸ್ಪ್ಯಾನರ್ ಜಾರಿತು. ಅಲ್ಲಿಂದ ಶುರು. ನರದ ಕಾಯಿಲೆ. ಈಗ ಉಸಿರಿನ ಸರದಿ. ಗಂಟಲಿಗೆ ತೂತು ಮಾಡಿ ಮೆಷಿನ್ ಹಾಕಿದರೆ ಹೀಗೇ ವರ್ಷಗಟ್ಟಲೆ. ಹಾಕದಿದ್ದರೆ ಕೆಲವು ವಾರ. ಡಾಕ್ಟರ್ ನಿನ್ನೆ ಹೇಳಿದರು: “ಎರಡು ವಾರದೊಳಗೆ ತೀರ್ಮಾನ ಮಾಡಿ. ಅವರನ್ನೇ ಕೇಳೋಕಾದ್ರೆ ಒಳ್ಳೇದು.”

ನವೆಂಬರ್ 6, ಗುರುವಾರ. ಮಧ್ಯಾಹ್ನ 3

ರಾಹುಲ್ ಮೈಸೂರಿನಿಂದ ನರಸೀಪುರದ ನಮ್ಮ ಮನೆಗೆ ಬಂದ. ಈ ಕ್ಯಾಪಿನ ಮೇಲೇ ಅವನ ಪಿಎಚ್‌ಡಿ. ಹೋದ ವರ್ಷ ಪೋಸ್ಟರ್ ಪ್ರಿಂಟ್ ಮಾಡಿಸಲು ನನ್ನ ಅಂಗಡಿಗೆ ಬಂದವನು. ಉತ್ತರ ಗೊತ್ತಿರುವ ಇಪ್ಪತ್ತು ಪ್ರಶ್ನೆ ಕೇಳಿದೆವು. ನಿನ್ನ ಹೆಸರು ರವಿಚಂದ್ರನಾ? ನಿನಗೆ ಇಬ್ಬರು ತಂಗಿಯರಾ? ಸರಿಯಾದದ್ದು ಹನ್ನೊಂದು.

“ಅಕ್ಕ, ನಾಣ್ಯ ಚಿಮ್ಮಿದ್ರೂ ಹತ್ತು ಬರುತ್ತೆ. ಹದಿನಾರು ದಾಟೋವರ್ಗೂ ದೊಡ್ಡ ಪ್ರಶ್ನೆ ಕೇಳಬಾರ್ದು.”

ಪಟ್ಟೆ ದಪ್ಪ ಮಾಡಿದೆ. ಒಂಬತ್ತು. ಚುಕ್ಕಿ ಹಿಗ್ಗಿಸಿದೆ. ಹತ್ತು. ಕಣ್ಣಿಗೆ ಹನಿ ಹಾಕಿ ನಿಲ್ಲಿಸಿದೆವು.

ಒಳಗೆ ಅವನು ಇದ್ದಾನೆ ತಾನೆ...

ನವೆಂಬರ್ 9, ಭಾನುವಾರ

ಹಿನ್ನೆಲೆ ಕಪ್ಪು ಮಾಡಿದೆ. ಹತ್ತು. ಬೂದು ಮಾಡಿದೆ. ಎಂಟು. ಕಾರ್ಡಿನವರ ಫೋನ್ ಎತ್ತಲಿಲ್ಲ.

ನವೆಂಬರ್ 10, ಸೋಮವಾರ. ಬೆಳಗ್ಗೆ 11

ಅತ್ತೆ ರವಿಗೆ ಮೈ ಒರೆಸಲು ಬಂದವರು ಪರದೆ ನೋಡುತ್ತಾ ನಿಂತರು.

“ಇದ್ಯಾಕವ್ವ ಕೆಂಪು ಅಸಿರು ಆಕಿದ್ದೀಯ? ಅವ್ನಿಗೆ ಅದು ತಿಳಿಯಾಕಿಲ್ಲ.”

“ಏನು ತಿಳಿಯಲ್ಲ ಅತ್ತೆ?”

“ಚಿಕ್ಕೋನಾಗಿದ್ದಾಗ ಮೆಣಸಿನಕಾಯಿ ಕುಯ್ಕಬಾ ಅಂದ್ರೆ ಅಣ್ಣು ಕಾಯಿ ಎಲ್ಲಾ ಒಂದೇ ಕುಕ್ಕೆಗೆ ತುಂಬ್ಕಬರೋನು. ಅದ್ಕೆ ಅವ್ರಪ್ಪ ಒಡೆದವ್ರೆ.”

“ಒಂಬತ್ತು ವರ್ಷ ಆಯ್ತು ಮದುವೆಯಾಗಿ. ನನಗ್ಯಾಕೆ ಹೇಳ್ಲಿಲ್ಲ ಅವರು?”

“ನೀನು ಬಣ್ಣದ ಕೆಲಸದೋಳು. ನಾಚ್ಕಂಡಿರ್ತಾನೆ ಕಣವ್ವ.”

ಪ್ರತಿ ಕಾರ್ಡನ್ನೂ ಅವನಿಗೆ ತೋರಿಸುತ್ತಿದ್ದೆ. ಪ್ರತಿ ಸಲವೂ “ಚೆನ್ನಾಗಿದೆ” ಅನ್ನುತ್ತಿದ್ದ. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಸಿಟ್ಟೂ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಅವನ ಕಣ್ಣಿಗೆ ಎರಡೂ ಪದ ಒಂದರೊಳಗೊಂದು ಕಲಸಿಹೋಗಿದ್ದವು. ಇಷ್ಟು ದಿನ ನಾವು ಕೇಳುತ್ತಿದ್ದೆವು, ಅವನು ಹುಡುಕುತ್ತಿದ್ದ.

ರಾಹುಲ್‌ಗೆ ಫೋನ್ ಮಾಡಿದೆ. ವಿಷಯ ಹೇಳಿದೆ. “ಮೊದಲನೇ ದಿನಾನೇ ಕೇಳಬೇಕಿತ್ತು. ನಾನೇ ಕೇಳ್ಲಿಲ್ಲ ಅಕ್ಕ.”

ನವೆಂಬರ್ 12, ಬುಧವಾರ. ಸಂಜೆ 4

‘ಹೌದು’ ನೀಲಿ ಪಟ್ಟೆ. ‘ಇಲ್ಲ’ ಹಳದಿ ಚುಕ್ಕಿ. ಹದಿನೇಳು. ಅರ್ಧ ಗಂಟೆ ಬಿಟ್ಟು ಮತ್ತೆ. ಹದಿನೆಂಟು.

ಇದ್ದಾನೆ. ಅವನ ಪಾದ ಹಿಡಿದುಕೊಂಡು ಕೂತೆ.

ನವೆಂಬರ್ 13, ಗುರುವಾರ. ಬೆಳಗ್ಗೆ 10.30

ಕೇಳಿದೆ. “ರವಿ, ಗಂಟಲಿಗೆ ಮೆಷಿನ್ ಹಾಕಿಸಬೇಕಾ?” ನಡುನಡುವೆ ವಿರಾಮ ಕೊಟ್ಟು ಐದು ಸಲ. ನಾಲ್ಕು ಸಲ ಹಳದಿ.

ಹಳದಿ ಹೆಚ್ಚು ಕಣ್ಣಿಗೆ ಹೊಡೆಯುತ್ತಿರಬಹುದು ಅಂದೆ. ಬಣ್ಣ ಅದಲುಬದಲು ಮಾಡೋಣ ಅಂದೆ. ರಾಹುಲ್ ಸರಿಯಾದ ಪರೀಕ್ಷೆ ಎಂದು ತಲೆಯಾಡಿಸಿದ. ನಾನು ಪರೀಕ್ಷೆಗೆಂದು ಹೇಳಿರಲಿಲ್ಲ.

‘ಹೌದು’ ಹಳದಿಗೆ ಬಂತು, ‘ಇಲ್ಲ’ ನೀಲಿಗೆ. ಐದಕ್ಕೆ ಐದೂ ನೀಲಿ. ಅವನು ಪದದ ಜೊತೆಗೇ ಬಂದ.

ರಾಹುಲ್ ಕ್ಯಾಪ್ ಬಿಚ್ಚಿ ಜೆಲ್ ಒರೆಸಿದ. ನನ್ನ ಕಡೆ ನೋಡಲಿಲ್ಲ. ಅತ್ತೆ ಬಾಗಿಲಲ್ಲಿದ್ದರು. “ಏನಂದ?”

“ಇನ್ನೂ ಸರಿಯಾಗಿ ಹಿಡೀತಿಲ್ಲ ಅತ್ತೆ.”

ರಾಹುಲ್ ಕೇಳಿಸಿಕೊಂಡ. ತಂತಿಗಳನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡ.

ನವೆಂಬರ್ 15, ಶನಿವಾರ. ಅಂಗಡಿ

ಡಾಕ್ಟರಿಗೆ ಮೆಸೇಜ್ ಟೈಪ್ ಮಾಡಿದೆ: ಹೌದು ಅಂದ್ರು, ಆಪರೇಶನ್ ಡೇಟ್ ಕೊಡಿ. ಕಳಿಸಲಿಲ್ಲ. ಅಳಿಸಲೂ ಇಲ್ಲ. ಯಾರಿಗೆ ಗೊತ್ತಾಗುತ್ತದೆ? ರಾಹುಲ್ ಬಾಯಿ ಬಿಡಲಾರ. ರವಿಗೆ ಗೊತ್ತಾಗುತ್ತದೆ. ಮಾತಿಲ್ಲದೆ ವರ್ಷಗಟ್ಟಲೆ ಗೊತ್ತಿರುತ್ತದೆ.

ನವೆಂಬರ್ 17, ಸೋಮವಾರ. ಮಧ್ಯಾಹ್ನ 12

ಅತ್ತೆಗೆ ರವಿಯ ಉತ್ತರ ಹೇಳಿದೆ. ಗೋಡೆಗೆ ಒರಗಿ ಕೂತರು. ಆಮೇಲೆ ಎದ್ದರು.

“ನನ್ ಮುಂದೆ ಕೇಳ್ಸು ಸಿಂಧು. ನಾನೇ ಕೇಳ್ತೀನಿ.”

ರಾಹುಲ್ ಬಂದು ಕ್ಯಾಪ್ ಹಾಕಿದ. ಅತ್ತೆ ಮಗನ ಕೆನ್ನೆ ಮುಟ್ಟಿದರು. “ರವಿ, ಮಿಸಿನ್ನು ಬ್ಯಾಡ್ವಾ ಮಗಾ?”

ಈ ಸಲ ‘ಹೌದು’ ಬಂತು.

“ಅವ್ವನ್ ಮ್ಯಾಲೆ ಕೋಪ ಅದಾ?”

‘ಇಲ್ಲ.’

ಅತ್ತೆ ಸೆರಗಿನಿಂದ ಅವನ ಮುಖ ಒರೆಸಿದರು, ಬೆವರಿರಲಿಲ್ಲ. ಹೊರಗೆ ಬಂದು ಹಳೆಯ ಮೆಸೇಜ್ ಅಳಿಸಿ ನಿಜವನ್ನು ಕಳಿಸಿದೆ.

ನವೆಂಬರ್ 21, ಶುಕ್ರವಾರ. ಬೆಳಗ್ಗೆ 6.15

ಕ್ಯಾಪ್ ಹಾಕದೆ ನಾಲ್ಕು ದಿನವಾಯಿತು. ಅವನಿಗೆ ಸುಸ್ತು. ನನ್ನದೊಂದು ಪ್ರಶ್ನೆ ಉಳಿದಿತ್ತು, ಕೇಳಲಿಲ್ಲ. ಉತ್ತರ ಕೊಡುವ ಕೆಲಸ ಅವನಿಗೆ ಸಾಕು.

ಅಂಗೈ ಅವನ ಎದೆಯ ಮೇಲಿಟ್ಟು ಎಡಗೈಯಲ್ಲಿ ಬರೆಯುತ್ತಿದ್ದೇನೆ. ನಿಮಿಷಕ್ಕೆ ಮೂವತ್ತನಾಲ್ಕು ಉಸಿರು ಇತ್ತು. ಆಮೇಲೆ ಇಪ್ಪತ್ತು. ಈಗ ಎಣಿಸಿದೆ, ಒಂಬತ್ತು. ಅತ್ತೆ ಕೊಟ್ಟಿಗೆಯಲ್ಲಿದ್ದಾರೆ. ಕರೆಯಬೇಕು. ಕೈ ತೆಗೆದರೆ...